ಹುಣಸೆಮರಕ್ಕೆ ಬಂದ ಅಳಿಯ

ನನ್ನ ಭಾಮೈದನ ಎಡಗಾಲು ಮುರಿದದ್ದು ಗಾಳಿಯಿಂದಲೋ ನನ್ನಿಂದಲೋ ಎಂಬುದು ನನಗೆ ಖಚಿತವಿಲ್ಲ. ಬಹಳ ವರ್ಷ ಖಚಿತವಿತ್ತು. ಮದುವೆ ಊಟದ ಪಂಕ್ತಿಯಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಚಿಂತಾಮಣಿ ಬಸ್ಸಿನಲ್ಲಿ ಪಕ್ಕ ಕೂತು ನಿದ್ದೆ ಮಾಡಲು ಹೊರಟವರಿಗೆ, ಹೀಗೆ ಸಿಕ್ಕಸಿಕ್ಕವರಿಗೆಲ್ಲ ನಾನು ಈ ಕಥೆ ಹೇಳಿದ್ದೇನೆ. ಅದರಲ್ಲಿ ಒಂದು ಘಟ್ಟ ಬರುತ್ತದೆ. ಮರಕ್ಕೆ ಸಿಕ್ಕಿಕೊಂಡು ನೇತಾಡುತ್ತಿರುವ ಭಾಮೈದನನ್ನು ಹಿಡಿದಿರುವ ದಾರಗಳನ್ನು ಕತ್ತರಿಸಲು ಊರವರು ಮುಂದಾಗುತ್ತಾರೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಏಣಿಯ ಮೇಲೆ ನಿಂತು “ಕತ್ತರಿಸಬೇಡಿ” ಎನ್ನುತ್ತೇನೆ. ಜೀವ ಉಳಿಯುತ್ತದೆ. ಕೇಳಿದವರು ತಲೆದೂಗುತ್ತಾರೆ, ಬಸ್ಸಿನವರು ನಿದ್ದೆಗೆ ಮರಳುತ್ತಾರೆ.

ತೊಂದರೆ ಏನೆಂದರೆ, ಆ ಏಣಿಯ ಮೇಲಿನ ನನ್ನನ್ನು ನೆನಪಿಸಿಕೊಂಡಾಗಲೆಲ್ಲ ನನ್ನ ಬಲಗೈಯಲ್ಲಿ ಒಂದು ಕುಡುಗೋಲು ಕಾಣುತ್ತದೆ. ಕತ್ತರಿಸಬೇಡಿ ಎನ್ನುವವನು ಕುಡುಗೋಲು ಹಿಡಿದು ಏಣಿ ಏಕೆ ಹತ್ತಿದ?

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಭಾಮೈದ, ಅಂದರೆ ನನ್ನ ಹೆಂಡತಿಯ ತಮ್ಮ, ಬೆಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ವಾರಕ್ಕೊಮ್ಮೆ ನಮ್ಮೂರು ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದ. ಕಚೇರಿಯ ಗೆಳೆಯನೊಬ್ಬನ ಜೊತೆ ಸೇರಿ ಪ್ಯಾರಾಗ್ಲೈಡಿಂಗ್, ಅಂದರೆ ಬಟ್ಟೆಯ ರೆಕ್ಕೆಗೆ ದಾರಗಳಿಂದ ನೇತುಬಿದ್ದು ಗುಡ್ಡದಿಂದ ಹಾರುವುದನ್ನು ಕಲಿತಿದ್ದ. ಇಬ್ಬರೂ ಪಾಲು ಹಾಕಿ ಯಾರೋ ಹಾರಿಸಿ ಬಿಟ್ಟ ಹಳೆಯ ರೆಕ್ಕೆಯೊಂದನ್ನು ಕೊಂಡಿದ್ದರು. ಕಿತ್ತಳೆ ಬಣ್ಣ, ಅಲ್ಲಲ್ಲಿ ಮಾಸಿ ಹಳೆಯ ಶಾಮಿಯಾನದಂತಿತ್ತು. ಹಾಸಿಗೆಯಷ್ಟು ದೊಡ್ಡ ಚೀಲದಲ್ಲಿ ಅದನ್ನು ಹೊತ್ತು ಅವನು ಬಸ್ಸಿಳಿದರೆ, ಎದುರು ಮನೆಯವರು “ವರ್ಗ ಆಯ್ತೇನಪ್ಪ?” ಎಂದು ಕೇಳುತ್ತಿದ್ದರು.

ಆ ವರ್ಷ ಅವನ ಮದುವೆಯಾಯಿತು. ಹುಡುಗಿ ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯವಳು. ಮನೆಯವರದು ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ಮದುವೆಯಾಗಿ ಎರಡು ತಿಂಗಳಿಗೆ ಆಷಾಢ ಬಂತು. ಮೊದಲ ಆಷಾಢಕ್ಕೆ ಹೆಣ್ಣು ತವರಿಗೆ ಹೋಗಬೇಕು. ಆ ತಿಂಗಳು ಪೂರ್ತಿ ಅಳಿಯ ಅತ್ತೆಮನೆಯ ಹೊಸಿಲು ತುಳಿಯಬಾರದು. ಹುಡುಗಿ ಹೋದಳು. ಭಾಮೈದನಿಗೆ ನಾಲ್ಕು ಭಾನುವಾರಗಳು ಖಾಲಿ ಬಿದ್ದವು. ನಮ್ಮ ಸೀಮೆಯಲ್ಲಿ ಆಷಾಢ ಎಂದರೆ ಗಾಳಿ. ಹೆಂಚು ಹಾರುವ, ಒಣಹಾಕಿದ ಪಂಚೆ ಪಕ್ಕದ ಬೀದಿಯಲ್ಲಿ ಸಿಗುವ ಗಾಳಿ. ಪ್ಯಾರಾಗ್ಲೈಡಿಂಗ್ ಪುಸ್ತಕದಲ್ಲಿ ಯಾವ ಗಾಳಿಯಲ್ಲಿ ಹಾರಬಾರದು ಎಂದು ಬರೆದಿರುತ್ತಾರೋ ಅದು ನಮ್ಮಲ್ಲಿ ಪಂಚಾಂಗದ ಪ್ರಕಾರ ಬೀಸುತ್ತದೆ. ಬೇರೆ ದೇಶದವರು ಗಾಳಿ ನೋಡಿ ಹಾರುವ ತಿಂಗಳನ್ನು ಆರಿಸಿಕೊಳ್ಳುತ್ತಾರಂತೆ. ನನ್ನ ಭಾಮೈದ ಹೆಂಡತಿ ಮನೆಯಲ್ಲಿಲ್ಲದ ತಿಂಗಳನ್ನು ಆರಿಸಿಕೊಂಡ.

ಅವನು ಆರಿಸಿದ ಗುಡ್ಡವೂ ಹಾಗೆಯೇ. ನಮ್ಮೂರಿಗೂ ಶಿಡ್ಲಘಟ್ಟಕ್ಕೂ ನಡುವಿನ ಗುಡ್ಡಗಳಲ್ಲಿ ಒಂದು. ಪಶ್ಚಿಮದ ಇಳಿಜಾರು ಹಾರಲು ಚೆನ್ನಾಗಿದೆ ಎಂದು ಅವನ ವಾದ. ಪೂರ್ವದ ಬುಡದಲ್ಲೇ ಅವನ ಅತ್ತೆಮನೆ ಇದೆ ಎನ್ನುವುದನ್ನು ನಾನು ಗುಡ್ಡದ ನೆತ್ತಿ ಹತ್ತಿದ ಮೇಲೆ ಕಣ್ಣಾರೆ ಕಂಡು ತಿಳಿದುಕೊಂಡೆ. ಕೆಳಗೆ ಹಸಿರು ತೋಟ, ಅರ್ಧ ಹೆಂಚು ಅರ್ಧ ತಾರಸಿಯ ಮನೆ, ಹುಳು ಸಾಕುವ ಉದ್ದನೆಯ ಶೆಡ್ಡು, ಒಂದು ದೊಡ್ಡ ಹುಣಸೆಮರ. ತಾರಸಿಯ ಮೇಲೆ ಹಳದಿ ಚುಕ್ಕೆಯೊಂದು ನಿಂತಿತ್ತು. ಹತ್ತು ಗಂಟೆಗೆ ಹಳದಿ ಸೀರೆ ಉಟ್ಟು ತಾರಸಿ ಮೇಲೆ ನಿಂತಿರು ಎಂದು ಅವನು ಹೆಂಡತಿಗೆ ಫೋನ್ ಬೂತಿನಿಂದ ಹೇಳಿದ್ದನಂತೆ. ಹೊಸಿಲು ತುಳಿಯಬಾರದು ಸರಿ, ಮೇಲಿನಿಂದ ಕೈ ಬೀಸಬಾರದೆಂದು ಯಾರೂ ಹೇಳಿಲ್ಲವಲ್ಲ.

ನಾನಲ್ಲಿಗೆ ಹೋಗಿದ್ದು ಹೆಂಡತಿಯ ಆಜ್ಞೆಯ ಮೇರೆಗೆ. “ನೀವು ಓದಿದೋರು, ಹೋಗಿ ತಡೀರಿ” ಎಂದಿದ್ದಳು. ತಡೆಯಲು ಹೋದವನ ಕೈಗೆ ಭಾಮೈದ ಒಂದು ಕೋಲು ಕೊಟ್ಟ. ಅದರ ತುದಿಗೆ ಬಟ್ಟೆಯ ಪಟ್ಟಿ ಕಟ್ಟಿತ್ತು, ಗಾಳಿ ನೋಡಲು. ಪದವಿ ಇರುವವನ ಕೈಗೆ ಒಂದು ಉಪಕರಣ ಕೊಟ್ಟರೆ ಅವನು ತಡೆಯುವುದನ್ನು ಮರೆತು ಅಳೆಯಲು ಶುರುಮಾಡುತ್ತಾನೆ.

“ಭಾವ, ಗಾಳಿ ಹೆಂಗಿದೆ?” ಎಂದು ಅವನು ಕೇಳಿದ.

ನಾನು “ಜಾಸ್ತಿ ಇದೆ ಕಣೋ” ಎಂದೆ ಎಂದು ನನ್ನ ನೆನಪು. “ಪರವಾಗಿಲ್ಲ” ಎಂದೆ ಎಂದು ಅವನ ನೆನಪು. ನಾನು ಗಾಳಿಯ ಒತ್ತಡದ ಬಗ್ಗೆ ಐದು ನಿಮಿಷ ಪಾಠ ಮಾಡಿದೆ, ಕೊನೆಯಲ್ಲಿ ಹೌದೆಂದೆನೋ ಅಲ್ಲವೆಂದೆನೋ ತಿಳಿಯಲಿಲ್ಲ ಎಂದು ಜೊತೆಗೆ ಬಂದಿದ್ದ ಅವನ ಗೆಳೆಯನ ನೆನಪು. ಮೂವರಲ್ಲಿ ಗೆಳೆಯನೇ ಸರಿಯಿರಬೇಕು. ನನ್ನ ವಿದ್ಯಾರ್ಥಿಗಳೂ ಪರೀಕ್ಷೆಯ ನಂತರ ಅದನ್ನೇ ಹೇಳುತ್ತಿದ್ದರು.

ಬಟ್ಟೆ ಉಬ್ಬಿ ತಲೆಯ ಮೇಲೆದ್ದಿತು. ಅವನು ಎರಡು ಹೆಜ್ಜೆ ಓಡಬೇಕಿತ್ತು; ಓಡಲು ಗಾಳಿ ಬಿಡಲಿಲ್ಲ, ನಿಂತಲ್ಲಿಂದಲೇ ಲಿಫ್ಟಿನಲ್ಲಿ ಹೋದವನಂತೆ ಮೇಲಕ್ಕೆ ಹೋದ. ಒಂದು ಗಳಿಗೆ ಅಲ್ಲೇ ನಿಂತ. ಆಮೇಲೆ ಮುಖ ಪಶ್ಚಿಮಕ್ಕೇ ಇಟ್ಟುಕೊಂಡು ಪೂರ್ವಕ್ಕೆ ಸರಿಯತೊಡಗಿದ. ಮುಂದೆ ನೋಡುತ್ತಾ ಹಿಂದಕ್ಕೆ ಹೋಗುವುದನ್ನು ಅಲ್ಲಿಯವರೆಗೆ ನಾನು ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಮಾತ್ರ ಕಂಡಿದ್ದೆ. ನಮ್ಮ ತಲೆಯ ಮೇಲೆಯೇ ಹಾದುಹೋದ. ಹೋಗುವಾಗ ಏನೋ ಹೇಳಿದ, ಗಾಳಿಯಲ್ಲಿ ಕೇಳಿಸಲಿಲ್ಲ. ನೆತ್ತಿಯ ಆಚೆ ಗಾಳಿ ಸುಳಿಯಾಗುವ ಕಡೆ ಬಟ್ಟೆಯ ಅರ್ಧ ಮಡಚಿಕೊಂಡಿತು. ಅವನು ಓಲಾಡುತ್ತಾ ಕೆಳಗೆ ಮರೆಯಾದ. ಸದ್ದು ಬರಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು.

ಗೆಳೆಯ ಪಶ್ಚಿಮದ ಬುಡದಲ್ಲಿ ನಿಲ್ಲಿಸಿದ್ದ ಜೀಪಿನಲ್ಲಿ ರಸ್ತೆ ಸುತ್ತಿ ಬರುತ್ತೇನೆಂದು ಹೊರಟ. ನಾನು ಪೂರ್ವದ ಇಳಿಜಾರಿನಲ್ಲಿ ಜಾಲಿಗಿಡಗಳ ನಡುವೆ ಜಾರುತ್ತ, ಕೂರುತ್ತ, ಒಂದು ಚಪ್ಪಲಿ ಕಳೆದುಕೊಂಡು ಕೆಳಗೆ ಬಂದೆ. ಅರ್ಧ ಗಂಟೆ ಹಿಡಿದಿರಬಹುದು. ಆ ಕೋಲನ್ನು ಮಾತ್ರ ಕೈಬಿಟ್ಟಿರಲಿಲ್ಲ.

ಭಾಮೈದ ಆ ದೊಡ್ಡ ಹುಣಸೆಮರದಲ್ಲಿದ್ದ. ಕಿತ್ತಳೆ ಬಟ್ಟೆ ಮರದ ತಲೆಗೆ ಮುಂಡಾಸು ಸುತ್ತಿದಂತೆ ಹರಡಿತ್ತು. ಅದರಿಂದಿಳಿದ ಹತ್ತಾರು ದಾರಗಳ ಕೊನೆಯಲ್ಲಿ, ನೆಲದಿಂದ ಎರಡಾಳೆತ್ತರದಲ್ಲಿ, ಪಟ್ಟಿಗಳಲ್ಲಿ ಬಿಗಿದುಕೊಂಡು ಅವನು ಒಂದು ಕಡೆಗೆ ವಾಲಿ ತೂಗಾಡುತ್ತಿದ್ದ. ಬಲಗೈ ಎತ್ತಲು ಆಗುತ್ತಿರಲಿಲ್ಲ. ಗಾಳಿ ಬಂದಾಗಲೆಲ್ಲ ಬಟ್ಟೆ ಉಬ್ಬಿ ಅವನನ್ನು ಮೇಲಕ್ಕೆಳೆಯುತ್ತಿತ್ತು, ಗಾಳಿ ಬಿಟ್ಟರೆ ಧೊಪ್ಪೆಂದು ಕೆಳಗೆ ಬಿಡುತ್ತಿತ್ತು. ಕೆಳಗೆ ಹಳೆಯ ತಡೆಗೋಡೆಯ ಕಲ್ಲುಗಳಿದ್ದವು. ಬಿದ್ದರೆ ತಲೆ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

ಎಲ್ಲರೂ ಎಂದರೆ ಊರಿನ ಅರ್ಧ. ಆದರೆ ಆ ಊರು ರೇಷ್ಮೆಯ ಊರು. ಮೊದಲ ಚರ್ಚೆ ಬಟ್ಟೆಯದೇ ಆಗಿತ್ತು. ಇಷ್ಟು ಅಗಲದ ಬಟ್ಟೆಯನ್ನು ಯಾರೂ ಕಂಡಿರಲಿಲ್ಲ. ಭಾಮೈದನ ಮಾವ ಕೊಂಬೆಯಿಂದ ನೇತಾಡುತ್ತಿದ್ದ ಹರಿದ ಚೂರೊಂದನ್ನು ಕಿತ್ತು, ಎರಡು ಬೆರಳಲ್ಲಿ ಉಜ್ಜಿ, ಒಂದು ಎಳೆ ಬಿಡಿಸಿ ಬೆಂಕಿಕಡ್ಡಿ ಗೀರಿದರು. ಗಾಳಿಗೆ ನಾಲ್ಕು ಕಡ್ಡಿ ಖರ್ಚಾದವು. ಎಳೆ ಸುಟ್ಟು ಮೂಸಿ ನೋಡಿದರು. ರೇಷ್ಮೆಯಾದರೆ ಸುಟ್ಟ ಕೂದಲಿನ ವಾಸನೆ ಬರಬೇಕು.

“ನೈಲಾನು” ಎಂದರು, ಬೇಸರದಿಂದ.

“ಮಾವ, ನಾನಿಲ್ಲಿದೀನಿ” ಎಂದ ಭಾಮೈದ ಮೇಲಿನಿಂದ.

“ಗೊತ್ತು ಅಳಿಯಂದ್ರೆ. ಇರಿ, ಅಲ್ಲಾಡ್ಬೇಡಿ.”

ಹಿತ್ತಿಲ ಬಾಗಿಲಲ್ಲಿ ಅವನ ಅತ್ತೆ ಸೆರಗು ಬಾಯಿಗಿಟ್ಟು ನಿಂತಿದ್ದರು. ಅವರ ಹಿಂದೆ ಹಳದಿ ಸೀರೆಯ ಹುಡುಗಿ. ಮುಂದೆ ಬರಲು ನೋಡಿದರೆ ಅತ್ತೆ ಕೈ ಅಡ್ಡ ಇಡುತ್ತಿದ್ದರು. “ಆಷಾಢದಾಗೆ ಬಂದ್ಬಿಟ್ರಲ್ಲ ಕಣೇ. ಅಯ್ಯೋ ದೇವುಡಾ, ನಮ್ಮ ಮನೆಗೇ ಬಂದ್ಬಿಟ್ರಲ್ಲ” ಎಂದು ಅವರು ಹೇಳುತ್ತಿದ್ದದ್ದು ಮರದವರೆಗೂ ಕೇಳಿಸುತ್ತಿತ್ತು.

ಆಗ ಒಂದು ಐತಿಹಾಸಿಕ ತೀರ್ಮಾನವಾಯಿತು. ಆ ಹುಣಸೆಮರ ಮಾವನ ತೋಟಕ್ಕೂ ಪಕ್ಕದ ರೀಲರ ಜಾಗಕ್ಕೂ ನಡುವಿನ ಗಡಿಯಲ್ಲಿತ್ತು. ರೀಲರು ಎಂದರೆ ಗೂಡು ಬೇಯಿಸಿ ನೂಲು ತೆಗೆಯುವವರು. ಐವತ್ತು ದಾಟಿದ ಸಣಕಲು ದೇಹದ ಮುಸ್ಲಿಂ ಹಿರಿಯರು, ಮರದಾಚೆಗೇ ಅವರ ಚರಕದ ಶೆಡ್ಡು. ಮರ ಯಾರದೆಂದು ಎರಡು ಮನೆಗಳಿಗೂ ಹತ್ತಾರು ವರ್ಷಗಳಿಂದ ಮಾತುಕತೆ ನಡೆದಿತ್ತು, ಸರ್ವೆಯವರು ಎರಡು ಸಲ ಬಂದು ಎರಡು ಉತ್ತರ ಕೊಟ್ಟು ಹೋಗಿದ್ದರು. ಮಾವ ಹೆಂಡತಿಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು:

“ನಮ್ಮ ಮನೆಗೆಲ್ಲಿ ಬಂದವ್ರೆ? ಮರ ಭಾಯ್‌ದು. ಅವರು ಭಾಯ್ ಮರಕ್ಕೆ ಬಂದವ್ರೆ.”

ರೀಲರು ಮಾವನನ್ನು ಒಮ್ಮೆ, ಸುತ್ತ ನಿಂತವರನ್ನು ಒಮ್ಮೆ ನೋಡಿದರು. “ಎಲ್ಲಾರೂ ಕೇಳ್ಸ್ಕೊಂಡ್ರಲ್ಲ” ಎಂದರು. “ಮರ ನನ್ದು ಆದ್ಮೇಲೆ ಮರಕ್ಕೆ ಬಂದಿರೋ ಮೆಹಮಾನೂ ನನ್ದೇ. ಏಣಿ ತರ್ರಿ.”

ಏಣಿ ಬಂತು. ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ; ಓದುವವರೂ ಹುಷಾರಾಗಿರಬೇಕು.

ಮೊದಲು ಏಣಿ ಹತ್ತಿದವನು ನಾನು. ಭಾಮೈದನ ಭಾವ, ಮೇಲಾಗಿ ಉಪನ್ಯಾಸಕ. ಯಾರೂ ಅಡ್ಡ ಬರಲಿಲ್ಲ. ಸೊಪ್ಪು ಕತ್ತರಿಸುವ ಕುಡುಗೋಲನ್ನು ಯಾರೋ ಕೈಗೆ ಕೊಟ್ಟರು, ಅಥವಾ ನಾನೇ ಕೇಳಿದೆ. ನನ್ನ ತಲೆಯಲ್ಲಿ ಆಗ ನಡೆದ ವಿಚಾರ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಅದು ತರಗತಿಯಲ್ಲಿ ಬರೆಯುವಷ್ಟು ಅಚ್ಚುಕಟ್ಟಾಗಿತ್ತು: ಗಾಳಿ ಬಟ್ಟೆಯನ್ನು ಎಳೆಯುತ್ತದೆ, ಬಟ್ಟೆ ದಾರವನ್ನು, ದಾರ ಮನುಷ್ಯನನ್ನು. ದಾರ ತೆಗೆದರೆ ಎಳೆತ ನಿಲ್ಲುತ್ತದೆ. ಅದೇ ದಾರ ಅವನನ್ನು ಕಲ್ಲಿನ ಮೇಲೆ ಬೀಳದಂತೆ ಹಿಡಿದಿದೆ ಎಂಬ ಇನ್ನರ್ಧ ಎಂ.ಎಸ್ಸಿ. ಪಠ್ಯದಲ್ಲಿರಲಿಲ್ಲ. ಹೈಸ್ಕೂಲಿನಲ್ಲಿತ್ತು.

ಕೆಳಗಿನಿಂದ ರೀಲರ ದನಿ ಬಂತು. “ಕಾಟೋ ನಕ್ಕೋ ಸಾರ್. ಕತ್ತರಿಸ್ಬೇಡಿ.”

ಆ ಮಾತು ಅವರದೇ. ಅದರಲ್ಲಿ ಈಗ ಅನುಮಾನವಿಲ್ಲ; ನನಗೆ ‘ಕಾಟೋ ನಕ್ಕೋ’ ಎನ್ನಲು ಬರುತ್ತಲೂ ಇರಲಿಲ್ಲ. ಕಥೆ ಹೇಳುತ್ತಾ ಹೇಳುತ್ತಾ ಯಾವ ವರ್ಷ ಅದು ನನ್ನ ಬಾಯಿಗೆ ಬಂತೋ ಗೊತ್ತಿಲ್ಲ. ಅನುಮಾನವಿರುವುದು ಬೇರೆಯದರಲ್ಲಿ. ಆ ಮಾತು ಕೇಳಿಸಿದಾಗ ನಾನಿನ್ನೂ ಕತ್ತರಿಸಿರಲಿಲ್ಲವೋ, ಆಗಲೇ ಒಂದನ್ನು ಕತ್ತರಿಸಿ ಆಗಿತ್ತೋ?

ನೆನಪಿರುವುದು ಇಷ್ಟು. ಭಾಮೈದ ಇದ್ದಕ್ಕಿದ್ದಂತೆ ಎಡಕ್ಕೆ ಜೋಲಿ ಹೊಡೆದ. ಅವನ ಎಡಗಾಲು ಮರದ ಕಾಂಡಕ್ಕೆ ಬಡಿಯಿತು. ಅವನು “ಭಾವ” ಎಂದ, ಕೂಗಲಿಲ್ಲ, ಕರೆದಂತೆ ಅಂದ. ಆಗ ಜೋರು ಗಾಳಿ ಬೀಸಿತು ಎಂದು ನಾನು ಹೇಳುತ್ತಾ ಬಂದಿದ್ದೇನೆ. ಆಷಾಢದಲ್ಲಿ ಗಾಳಿ ಬೀಸಿತು ಎಂದರೆ ಯಾರು ಸಾಕ್ಷಿ ಕೇಳುತ್ತಾರೆ?

ರೀಲರು ಏಣಿಯ ಕೆಳಗಿನ ಮೆಟ್ಟಿಲಿಗೆ ಬಂದು ಕೈಚಾಚಿದರು. ನಾನು ಕುಡುಗೋಲು ಕೊಟ್ಟೆ. ಅವರ ಬೆರಳ ತುದಿಗಳು ನನ್ನ ಕೈಗೆ ತಾಗಿದವು; ದಿನವಿಡೀ ಬಿಸಿನೀರಲ್ಲಿ ಗೂಡು ತಡಕಿ ಬೆಳ್ಳಗೆ ಬೆಂದ, ಮೆತ್ತಗಿನ ಬೆರಳುಗಳು. “ಇಳೀರಿ ಸಾರ್” ಎಂದರು. “ನೂಲು ಕತ್ತರಿಸೋಕ್ಕೆ ಎಲ್ಲಾರ್ಗೂ ಬರ್ತದೆ. ಕೊನೆ ಹುಡುಕ್ಬೇಕು.”

ಅವರು ಕೊನೆ ಹುಡುಕಿದರು. ಗೂಡಿನಿಂದ ಎಳೆ ಬಿಡಿಸುವವರು ಮಾಡುವುದು ಅದೊಂದನ್ನೇ: ಸಿಕ್ಕಿನೊಳಗೆಲ್ಲೋ ಒಂದು ತುದಿ ಇದೆ ಎಂಬ ನಂಬಿಕೆಯಲ್ಲಿ ಆತುರವಿಲ್ಲದೆ ತಡಕುವುದು. ಮೊದಲು ಬಾವಿಯ ಹಗ್ಗ ತರಿಸಿ, ಭಾಮೈದನ ಕಂಕುಳಡಿ ಹಾಯಿಸಿ, ದಪ್ಪ ಕೊಂಬೆಯೊಂದರ ಮೇಲಿಂದ ಇಳಿಬಿಟ್ಟು ಕೆಳಗೆ ನಾಲ್ವರ ಕೈಗೆ ಕೊಟ್ಟರು. ಆ ನಾಲ್ವರಲ್ಲಿ ನಾನೂ ಒಬ್ಬ. ನನ್ನನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸಿದರು. ಆಮೇಲೆ ಅವರು ಅವನ ಎದೆಯ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ತಡಕುತ್ತಾ ಹೋದರು, ಅವನೊಡನೆ ಮಾತಾಡುತ್ತಲೇ.

“ಇದು ಏನಪ್ಪ?”

“ಬಕಲ್ಲು, ಸಾಹೇಬ್ರೆ. ಒತ್ತಿದ್ರೆ ಬಿಚ್ಚತ್ತೆ. ಕೈ ಎತ್ತಕ್ಕಾಗ್ತಿಲ್ಲ.”

“ಎಷ್ಟು ಅವೆ ಇಂಥವು?”

“ಮೂರು.”

“ನೋಡಿ ಸಾರ್” ಎಂದು ಅವರು ಕೆಳಗಿದ್ದ ನನಗೆ ಹೇಳಿದರು, “ಮೂರೇ ಕೊನೆ ಇರೋದು.”

ಗಾಳಿ ಇಳಿಯುವವರೆಗೆ ಕಾದು, ಮೂರನ್ನೂ ಒತ್ತಿದರು. ದಾರಗಳೆಲ್ಲ ಒಮ್ಮೆಗೇ ಮೇಲಕ್ಕೆ ಹಾರಿದವು, ಭಾಮೈದ ನಮ್ಮ ಹಗ್ಗಕ್ಕೆ ಬಂದ. ಮೆಲ್ಲಗೆ ಇಳಿಸಿದೆವು.

ಮಲಗಿಸಲು ಚಂದ್ರಿಕೆ ಬೇಕಾಯಿತು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ, ಆಳುದ್ದದ ಬಿದಿರ ತಟ್ಟಿ ಅದು. ಹುಳು ಹಣ್ಣಾಗಲು ಎರಡೇ ದಿನ ಉಳಿದಿತ್ತು. ಅತ್ತೆ ಬಾಗಿಲಿನಿಂದಲೇ “ಹೊಸವು ಮುಟ್ಟಬೇಡ್ರಪ್ಪ, ಗೋಡೆ ಕಡೆ ಇರೋವು ತಗೊಳಿ. ಶೆಡ್ಡೊಳಕ್ಕೆ ಕಾಲು ತೊಳ್ಕೊಂಡು ಹೋಗಿ, ಹುಳಕ್ಕೆ ರೋಗ ಬರ್ತದೆ” ಎಂದರು. ಕಾಲು ಮುರಿದವನು ನೆಲದ ಮೇಲಿರುವಾಗ ನಾವು ಮೂವರು ಸಾಲಾಗಿ ನಿಂತು ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಹೋದೆವು. ಅದರಲ್ಲಿ ನಗುವುದೇನಿದೆ ಎಂದು ಈಗ ಅನಿಸುತ್ತದೆ. ಆ ಮನೆಯ ಎರಡು ತಿಂಗಳ ಅನ್ನ ಆ ಶೆಡ್ಡಿನಲ್ಲಿ ಸೊಪ್ಪು ಮೇಯುತ್ತಿತ್ತು. ಮೂರು ಚಂದ್ರಿಕೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು, ಅವನನ್ನು ಮಲಗಿಸಿ ಹೊತ್ತೆವು.

ಹೊತ್ತು ಎಲ್ಲಿಗೆ? ಆಸ್ಪತ್ರೆಗೆ ಒಯ್ಯಲು ಹೇಳಿಕಳಿಸಿದ ಟೆಂಪೋ ಬರುವವರೆಗೆ ಗಾಳಿ ಧೂಳಿನಿಂದ ಮರೆ ಬೇಕಿತ್ತು. ಜಗುಲಿ ಇತ್ತು. ಜಗುಲಿ ಹೊಸಿಲಿನ ಒಳಗೋ ಹೊರಗೋ ಎಂದು ಕಿಟಕಿಯ ಮೂಲಕ ಒಂದು ಸಣ್ಣ ವಿಚಾರಣೆ ನಡೆಯಿತು. ಅದನ್ನು ಮುಗಿಸಿದವಳು ಹಳದಿ ಸೀರೆಯ ಹುಡುಗಿ. ತಾಯಿಯ ಕೈ ಸರಿಸಿ ಹೊರಬಂದು ಜಗುಲಿಯ ಮೇಲೆ ಕೂತು, “ಇಲ್ಲಿ ಇಳಿಸ್ರಿ. ಹೊಸಿಲು ತುಳಿಯಕ್ಕೆ ಅವರ ಕಾಲೆಲ್ಲಮ್ಮ ನೆಟ್ಟಗಿದೆ?” ಎಂದಳು. ಭಾಮೈದ ನೋವಿನಲ್ಲೂ ನಕ್ಕ. ಅವಳು ನಗಲಿಲ್ಲ, ಅವನ ತಲೆ ತೊಡೆಯ ಮೇಲಿಟ್ಟುಕೊಂಡು, ಕೂದಲಿಂದ ಹುಣಸೆ ಎಲೆಗಳನ್ನು ಆರಿಸುತ್ತಾ ಕೂತಳು.

ಜೀಪಿನ ಗೆಳೆಯ ಅಷ್ಟು ಹೊತ್ತಿಗೆ ರಸ್ತೆ ಸುತ್ತಿ ಬಂದು ತಲುಪಿದ. ಇಳಿಯುತ್ತಲೇ “ಕ್ಯಾನೋಪಿ ಹರಿದಿಲ್ಲ ತಾನೆ?” ಎಂದು ಕೇಳಿದ. ಮೇಲಿನ ಬಟ್ಟೆಗೆ ಹಾಗೆನ್ನುತ್ತಾರಂತೆ. ಅದರಲ್ಲಿ ಅವನ ಪಾಲಿತ್ತು, ಭಾಮೈದನಲ್ಲಿರಲಿಲ್ಲ.

ಚಂದ್ರಿಕೆ ಜೀಪಿನಲ್ಲಿ ಹಿಡಿಸುವಂತಿರಲಿಲ್ಲ; ಗೂಡು ಸಾಗಿಸುವ ಟೆಂಪೋ ಬಂತು. ಅದರಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆತಂದೆವು. ಬಲಭುಜ ಜಾರಿತ್ತು, ಅದನ್ನು ಕೂರಿಸಿದರು. ಎಡಗಾಲಿನ ಮೂಳೆ ಮುರಿದಿತ್ತು. ಡಾಕ್ಟರು ಬರೆದುಕೊಳ್ಳುತ್ತಾ, “ಕಾಲು ಬಿದ್ದಾಗ ಮುರಿದಿದ್ದೋ, ಇಳಿಸೋವಾಗಲೋ?” ಎಂದರು.

“ಬಿದ್ದಾಗ” ಎಂದೆ ನಾನು. ಪ್ರಶ್ನೆ ನನಗೆ ಕೇಳಿದ್ದಾಗಿರಲಿಲ್ಲ.

ಭಾಮೈದ ನನ್ನ ಕಡೆ ನೋಡಿದ. “ಭಾವ ಹೇಳ್ತವ್ರಲ್ಲ. ಹಂಗೇ ಬರ್ಕೊಳಿ” ಎಂದ.

ಕಾಲು ಕೂಡಿತು, ಆದರೆ ತುಸು ಗಿಡ್ಡವಾಗಿ. ಅವನು ಮತ್ತೆ ಹಾರಲಿಲ್ಲ. ನಡೆಯುವಾಗ ಎಡಕ್ಕೆ ವಾಲುತ್ತಾನೆ, ಆ ದಿನ ಜೋಲಿ ಹೊಡೆದ ಕಡೆಗೇ. ಹುಣಸೆಹಣ್ಣು ಆ ವರ್ಷದಿಂದ ರೀಲರ ಮನೆಗೆ ಹೋಯಿತು. ಮಾವ ಆಷಾಢ ಕಳೆದ ಮೇಲೆ ಮರವನ್ನು ವಾಪಸು ಪಡೆಯಲು ನೋಡಿದರು, ಅರ್ಧ ಊರು ಸಾಕ್ಷಿಯಿತ್ತು. ರೀಲರು ಕೆಲವು ವರ್ಷಕ್ಕೆ ತೀರಿಕೊಂಡರು. ಅವರು ಬದುಕಿರುವವರೆಗೆ ನಾನು ಆ ಊರಿನಲ್ಲಿ ಈ ಕಥೆ ಹೇಳಲಿಲ್ಲ ಎಂಬುದನ್ನು ನಾನೇ ಗಮನಿಸಿದ್ದು ತಡವಾಗಿ. ಎಲ್ಲದಕ್ಕೂ ಪುರಾವೆ ಕೇಳುವವನು ನಾನು. ದೇವರಿಗೆ ಕೇಳಿದ್ದೇನೆ, ಜ್ಯೋತಿಷಿಗಳಿಗೆ ಕೇಳಿದ್ದೇನೆ, ಆಡಳಿತ ಮಂಡಳಿಗೆ ಕೇಳಿ ವರ್ಗಾವಣೆಯನ್ನೂ ಪಡೆದಿದ್ದೇನೆ. ಈ ಒಂದು ಕಥೆಗೆ ಕೇಳಿರಲಿಲ್ಲ.

ಕೇಳಿದವಳು ಹೆಂಡತಿ. ಯಾರಿಗೋ ನಾನಿದನ್ನು ಹೇಳಿ ಮುಗಿಸಿದ ಒಂದು ಮಧ್ಯಾಹ್ನ, ಲೋಟಗಳನ್ನು ಎತ್ತಿಕೊಳ್ಳುತ್ತಾ, “ಕತ್ತರಿಸ್ಬೇಡಿ ಅನ್ನೋರು ಕುಡುಗೋಲು ಯಾಕೆ ತಗೊಂಡು ಹತ್ತಿದ್ರಿ?” ಎಂದಳು. ನಾನು ಕುಡುಗೋಲಿನ ವಿಷಯ ಹೇಳಿರಲೇ ಇಲ್ಲ. ತಮ್ಮ ಹೇಳಿರಬೇಕು. ಯಾವಾಗ ಹೇಳಿದನೋ, ಎಷ್ಟು ವರ್ಷದಿಂದ ಅವಳು ಸುಮ್ಮನಿದ್ದಳೋ.

ಆ ಬಟ್ಟೆ ಭಾಮೈದನ ಮನೆಯ ಅಟ್ಟದಲ್ಲೇ ಇತ್ತು. ಗೆಳೆಯ ತನ್ನ ಪಾಲನ್ನು ಬಿಟ್ಟುಕೊಟ್ಟಿದ್ದ. ಭಾಮೈದ ಮನೆಯಲ್ಲಿ ಇಲ್ಲದ ದಿನ ಹೋಗಿ ಕೆಳಗಿಳಿಸಿದೆ. ಹಳದಿ ಸೀರೆಯ ಹುಡುಗಿ, ಈಗ ಎರಡು ಮಕ್ಕಳ ತಾಯಿ, ತಾರಸಿಯ ಕೀಲಿ ಕೊಟ್ಟಳು. ಬಿಸಿಲಲ್ಲಿ ಹರಡಿ, ಬುಡದಿಂದ ಬಟ್ಟೆಯವರೆಗೆ ದಾರಗಳನ್ನು ಒಂದೊಂದಾಗಿ ಬೆರಳ ನಡುವೆ ಎಳೆಯುತ್ತಾ ಹೋದೆ. ಮರಕ್ಕೆ ಉಜ್ಜಿ ಎಳೆಯೆದ್ದ ಜಾಗಗಳು ಹಲವಿದ್ದವು.

ಎಡಗಡೆಯ ಕೊಟ್ಟಕೊನೆಯ ದಾರದಲ್ಲಿ, ಏಣಿಯ ಮೇಲೆ ನಿಂತವನ ಕೈಗೆ ಎಟುಕುವ ಕಡೆ, ಒಂದು ಗಂಟು ಸಿಕ್ಕಿತು. ಕಡಲೆಕಾಳಿಗಿಂತ ಚಿಕ್ಕದು. ಎಳೆ ಹರಿದಾಗ ರೀಲರು ಹಾಕುವ ಗಂಟು. ಆ ದಿನ ಮರದಿಂದ ಬಿಡಿಸಿದ ಬಟ್ಟೆಯನ್ನು ಮಡಚುವಾಗ ಅವರ ಕೈ ಸುಮ್ಮನಿರಲಾರದೆ ಹಾಕಿರಬೇಕು. ಗಂಟಿನಿಂದ ಹೊರಗೆ ಉಳಿದ ಎರಡು ತುದಿಗಳನ್ನು ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದೆ. ಎರಡೂ ಹರಿದಿರಲಿಲ್ಲ. ನೇರವಾಗಿ ಕತ್ತರಿಸಿದ್ದವು.